ಒಂದೇ ನೆರಳಿನ ಕ್ಯಾಚ್

ಓದುವ ಎಲ್ಲರಿಗೂ ನಮಸ್ಕಾರ. ನನಗೆ ಬರೆದು ಅಭ್ಯಾಸವಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿ ಶಾಲೆಗೆ ಹೋಗಿ, ಇಪ್ಪತ್ತಾರನೇ ವಯಸ್ಸಿಗೆ ಹತ್ತನೇ ತರಗತಿ ಪಾಸಾದವನು ನಾನು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ, ಬೈಯಬೇಡಿ.

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಡೊಂಬಿವಲಿಯ ಹೋಟೆಲಿನ ಮಾಳಿಗೆಯಲ್ಲಿ ನಾವು ಹನ್ನೆರಡು ಜನ ಸಾಲಾಗಿ ಮಲಗುತ್ತಿದ್ದೆವು. ಯಾರಾದರೂ ತಾವು ಕಂಡ ವಿಚಿತ್ರವನ್ನು ಹೇಳಲು ಶುರುಮಾಡಿದರೆ ನಾನು ಚಾದರ ಎಳೆದುಕೊಂಡು ನಗುತ್ತಿದ್ದೆ. ಕೆಲಸ ಬಿಟ್ಟು ಸಣ್ಣ ಫೋಟೋ ಸ್ಟುಡಿಯೋ ಹಾಕಿದ ಮೇಲಂತೂ ಕೇಳುವುದೇ ಬೇಡ. ಬೆಳಕು ಬಿದ್ದರೆ ಫಿಲ್ಮಿನಲ್ಲಿ ಚಿತ್ರ ಇರುತ್ತದೆ, ಬೀಳದಿದ್ದರೆ ಇರುವುದಿಲ್ಲ. ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಡಿಜಿಟಲ್ ಕ್ಯಾಮೆರಾ ನಮ್ಮಂಥವರ ಕೈಗೆ ಇನ್ನೂ ಬಾರದ ಕಾಲ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಚಳಿಗಾಲ. ಶಹಾಡ್ ಹತ್ತಿರದ ಒಂದು ಮೈದಾನದಲ್ಲಿ ಹೋಟೆಲ್ ಕೆಲಸಗಾರರ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯ ಇತ್ತು. ಹಗಲಿನಲ್ಲಿ ಆಟಗಾರರೆಲ್ಲ ತವಾದ ಮುಂದೆ, ಟೇಬಲಿನ ಮುಂದೆ ಇರುವವರು. ಆದ್ದರಿಂದ ಹೋಟೆಲಿನ ಶಟರ್ ಎಳೆದ ಮೇಲೆಯೇ ಆಟ ಶುರು. ಫೈನಲ್ ಇದ್ದದ್ದು ನನ್ನ ಹಳೆಯ ಹೋಟೆಲಿಗೂ ಕಾಮೋಠೆಯ ಒಂದು ಹೋಟೆಲಿಗೂ. ಫೋಟೋ ತೆಗೆಯಲು ನಮ್ಮ ಧಣಿಗಳು ನನ್ನನ್ನೇ ಕರೆದಿದ್ದರು.

ನಮ್ಮ ತಂಡದಲ್ಲಿ ಸದಾನಂದ ಎಂಬವನಿದ್ದ, ಕಾರ್ಕಳ ಕಡೆಯವನು. ಎಂಟು ವರ್ಷದಿಂದ ದೋಸೆ ತವಾದ ಮುಂದೆ ನಿಂತು ಅವನ ಮುಂಗೈಯೆಲ್ಲ ಸುಟ್ಟ ಕಲೆ. ಮುಂದಿನ ಸೋಮವಾರದಿಂದ ಅವನನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸುವುದೆಂದು ಧಣಿಗಳು ಮಾತು ಕೊಟ್ಟಿದ್ದರು. ಹೋಟೆಲಿನವರಿಗೆ ಗೊತ್ತಿರುತ್ತದೆ, ಆ ಕುರ್ಚಿಗೆ ಓದು ಬೇಕಿಲ್ಲ, ನಂಬಿಕೆ ಬೇಕು. ಊರಿಗೆ ಫೋನ್ ಮಾಡಿ ತಾಯಿಗೂ ಹೇಳಿಬಿಟ್ಟಿದ್ದ.

ರಾತ್ರಿ ಆಟದ ಫೋಟೋ ಬಹಳ ಕಷ್ಟ. ಮೈದಾನದ ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬಕ್ಕೆರಡು ಹ್ಯಾಲೋಜನ್, ಎಲ್ಲ ಒಂದೇ ಜನರೇಟರಿನ ಮೇಲೆ. ಫ್ಲಾಶ್ ಹಾಕಿದರೆ ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೆಯುತ್ತದೆಂದು ಅಂಪೈರ್ ಬೇಡ ಅಂದಿದ್ದರು. ಹ್ಯಾಲೋಜನ್ನಿನ ಹಳದಿ ಬೆಳಕು ಫೋಟೋದ ಬಣ್ಣವನ್ನೇ ಕೆಡಿಸುವುದರಿಂದ ನಾನು ಕಪ್ಪು ಬಿಳುಪು ಫಿಲ್ಮ್ ಹಾಕಿದ್ದೆ. ಆ ಮಬ್ಬಿನಲ್ಲಿ ಓಡುವವನ ಮೇಲೆ ಫೋಕಸ್ ಕೂರುವುದಿಲ್ಲ. ಹಾಗಾಗಿ ದೊಡ್ಡ ಹೊಡೆತ ಬೀಳುವ ಕಡೆ, ಬೌಂಡರಿ ಹಗ್ಗದ ಹತ್ತಿರ, ನೆಲದ ಮೇಲೆ ಒಂದು ಚಿಟಿಕೆ ಸುಣ್ಣ ಹಾಕಿ, ಅದಕ್ಕೆ ಫೋಕಸ್ ಮಾಡಿಟ್ಟು ಕಾಯುತ್ತಿದ್ದೆ. ಇನ್ನೊಂದು ಮಾತು. ಅಂಥ ಬೆಳಕಿನಲ್ಲಿ ಒಬ್ಬೊಬ್ಬ ಆಟಗಾರನಿಗೂ ನಾಲ್ಕು ನೆರಳಿರುತ್ತದೆ, ಕಾಲಿನ ಸುತ್ತ ಹೂವಿನ ಎಸಳಿನ ಹಾಗೆ.

ಕೊನೆಯ ಓವರ್. ಕಾಮೋಠೆಯವರಿಗೆ ಎರಡು ಬಾಲಿಗೆ ಐದು ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಬ್ಯಾಟಿಂಗಿಗೆ ಅವರ ಕ್ಯಾಪ್ಟನ್ ಶಿವಪ್ಪ, ವಿಜಾಪುರ ಕಡೆಯ ಆಳು. ಅವನು ಬೀಸಿ ಹೊಡೆದ. ಚೆಂಡು ಆಕಾಶಕ್ಕೆ ಹೋಯಿತು. ಕೆಳಗೆ ಸದಾನಂದ ಹಿಂದೆ ಹಿಂದೆ ಓಡುತ್ತ ನನ್ನ ಸುಣ್ಣದ ಗುರುತಿನ ಕಡೆಗೇ ಬರುತ್ತಿದ್ದ. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅಷ್ಟರಲ್ಲಿ ಜನರೇಟರ್ ಕೆಮ್ಮಿ ನಿಂತಿತು. ನಾಲ್ಕೂ ಕಂಬ ಒಟ್ಟಿಗೆ ಆರಿದವು.

ಆ ಕತ್ತಲೆಯಲ್ಲಿ ನನ್ನ ಶಟರ್ ಸದ್ದು ನನಗೇ ಕೇಳಿಸಿತು. ಬೆರಳು ತನ್ನಷ್ಟಕ್ಕೆ ಒತ್ತಿತ್ತು.

ಐದು ನಿಮಿಷ ಬಿಟ್ಟು ದೀಪ ಬಂದಾಗ ಸದಾನಂದ ಹಗ್ಗದ ಹತ್ತಿರ ಚೆಂಡನ್ನು ಎತ್ತಿ ಹಿಡಿದು ನಿಂತಿದ್ದ. ನಾನು ಅದನ್ನೂ ತೆಗೆದೆ. ಅಂಪೈರ್ ಮರಾಠಿಯವರು, ಪಾಪ ಸಾಧು ಮನುಷ್ಯ. "ಮಲಾ ದಿಸ್ಲಾ ನಾಹೀ, ಭಾವೂ" ಎಂದು ಕೈ ಆಡಿಸಿದರು. ತನಗೆ ಕಾಣಲಿಲ್ಲ, ಆ ಬಾಲ್ ಲೆಕ್ಕಕ್ಕಿಲ್ಲ ಎಂದರು.

"ನೆಲದಾಗಿಂದ ಎತ್ಕೊಂಡು ಕ್ಯಾಚ್ ಅಂತೀಯಲ್ಲೋ!" ಎಂದ ಶಿವಪ್ಪ. "ದೋಸಿ ಮಗುಚಿದಂಗ ಮಾತೂ ಮಗುಚ್ತೀ ನೋಡು."

"ಹಿಡಿದದ್ದು ಹಿಡಿದದ್ದೇ ಮಾರಾಯ," ಎಂದನೇ ಹೊರತು ಸದಾನಂದ ಜಗಳಕ್ಕೆ ನಿಲ್ಲಲಿಲ್ಲ. ಮತ್ತೆ ಹಾಕಿದ ಬಾಲಿಗೆ ಶಿವಪ್ಪ ಸಿಕ್ಸ್ ಹೊಡೆದ. ಕಪ್ ಕಾಮೋಠೆಗೆ ಹೋಯಿತು.

ಕಪ್ ಹೋದದ್ದು ದೊಡ್ಡದಲ್ಲ. ಬರುವಾಗ ಟೆಂಪೋದಲ್ಲಿ ಧಣಿಗಳು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ನನ್ನ ಕೈ ನನಗೆ ಕಾಣ್ತಿರಲಿಲ್ಲ. ಇವ ಕ್ಯಾಚ್ ಹಿಡಿದನಂತೆ. ಆಟಕ್ಕೇ ಸುಳ್ಳು ಹೇಳುವವನನ್ನು ಗಲ್ಲಾದಲ್ಲಿ ಹೇಗೆ ಕೂರಿಸುವುದು, ನೀನೇ ಹೇಳು." ಹಿಂದಿನ ಸೀಟಿನಲ್ಲಿದ್ದ ಸದಾನಂದನಿಗೂ ಅದು ಕೇಳಿಸಿರಬೇಕು. ಸೋಮವಾರ ಅವನು ಎಂದಿನಂತೆ ತವಾದ ಮುಂದೆಯೇ ನಿಂತಿದ್ದ. ಅಡುಗೆಯವರು ಅವನಿಗೆ 'ಕತ್ತಲೆ ಕ್ಯಾಚ್' ಎಂದು ಹೆಸರಿಟ್ಟಿದ್ದರು.

ಮಂಗಳವಾರ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದೆ. ಶಿವಪ್ಪ ಬ್ಯಾಟ್ ಎತ್ತಿದ ಚಿತ್ರ ಇತ್ತು, ತೆಳುವಾಗಿ, ಮಬ್ಬಾಗಿ. ದೀಪ ಬಂದ ಮೇಲಿನ ಚಿತ್ರವೂ ಹಾಗೆಯೇ. ನಡುವಿನದು ಖಾಲಿ ಇರಬೇಕಿತ್ತು. ಅಲ್ಲಿ ಸದಾನಂದನಿದ್ದ. ಎರಡು ಕೈ ಎದೆಯ ಹತ್ತಿರ, ಬೆರಳುಗಳ ನಡುವೆ ಚೆಂಡು, ಕಾಲು ಹಗ್ಗದಿಂದ ಒಂದು ಗೇಣು ಒಳಗೆ. ಮುಂಗೈಯ ಸುಟ್ಟ ಕಲೆಯೂ ಎಣಿಸುವಷ್ಟು ಸ್ಪಷ್ಟ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ದೊಡ್ಡದಾಗಿ ಪ್ರಿಂಟ್ ಹಾಕಿದಾಗಲೇ ನೋಡಿದ್ದು. ಅವನ ಕಾಲಡಿಯಲ್ಲಿ ನಾಲ್ಕು ನೆರಳು ಇರಲಿಲ್ಲ. ಒಂದೇ ನೆರಳು ಇತ್ತು, ಗಿಡ್ಡ, ಕಪ್ಪು, ನಡುಮಧ್ಯಾಹ್ನದ್ದು.

ದೀಪ ಆರುವ ಮೊದಲೇ ಒತ್ತಿದ್ದೇನೆ ಎಂದುಕೊಳ್ಳೋಣ. ಅದು ಆಗಬಹುದು. ಆ ಕ್ಯಾಮೆರಾದಲ್ಲಿ ಶಟರ್ ತೆರೆದ ಕ್ಷಣ ಕಣ್ಣಿಗೆ ಕಪ್ಪೇ ಕಾಣುವುದು, ನಾವು ತೆಗೆಯುವ ಕ್ಷಣವನ್ನು ನಾವೇ ನೋಡುವುದಿಲ್ಲ. ಆದರೆ ಆಗ ನಾಲ್ಕು ನೆರಳು ಇರಬೇಕು. ಗಾಡಿಯ ಹೆಡ್‌ಲೈಟ್ ಆದರೆ ನೆರಳು ಉದ್ದ ಬೀಳುತ್ತದೆ. ಬೇರೆಯವರ ಫ್ಲಾಶ್ ಆದರೂ ಪಕ್ಕದಿಂದ ಬರುತ್ತದೆ. ಮಿಂಚು ಅನ್ನಲು ಮೋಡ ಇರಲಿಲ್ಲ. ಚಂದ್ರನ ಬೆಳಕು ಅಷ್ಟು ಚಿಕ್ಕ ಹೊತ್ತಿನಲ್ಲಿ ಫಿಲ್ಮಿಗೆ ಮುಟ್ಟುವುದೇ ಇಲ್ಲ. ನೆತ್ತಿಯ ಮೇಲೆ ಯಾವ ಕಂಬವೂ ಇರಲಿಲ್ಲ.

ಈ ನೆರಳು ಯಾರಾದರೂ ನೋಡಿದರೆ ಸ್ಟುಡಿಯೋದಲ್ಲಿ ಮಾಡಿದ ಕೈಚಳಕ ಅನ್ನುತ್ತಾರೆ, ಸದಾನಂದ ಸುಳ್ಳನಾಗಿಯೇ ಉಳಿಯುತ್ತಾನೆ ಎಂದು ಹೆದರಿ ಮೊಣಕಾಲಿನ ಕೆಳಗಿನದನ್ನು ಬಿಟ್ಟು ಪ್ರಿಂಟ್ ಮಾಡಿ ಕೊಂಡುಹೋದೆ. ಧಣಿಗಳು ಕನ್ನಡಕ ಏರಿಸಿ ನೋಡಿದರು.

"ಕೈ ಉಂಟು, ಬಾಲ್ ಉಂಟು. ಕಾಲು ಎಲ್ಲಿ ಮಾರಾಯ? ಹಗ್ಗದ ಒಳಗಾ ಹೊರಗಾ ಗೊತ್ತಾಗುವುದು ಬೇಡವಾ?"

ಬೇರೆ ದಾರಿ ಇರಲಿಲ್ಲ. ಪೂರ್ತಿ ಚಿತ್ರ ತಂದುಕೊಟ್ಟೆ. ಅಷ್ಟರಲ್ಲಿ ಧಣಿಗಳು ಫೋನ್ ಮಾಡಿ ಕರೆಸಿದ್ದ ಶಿವಪ್ಪನೂ ರಜೆ ಹಾಕಿ ಬಂದಿದ್ದ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಅವರು ಪಾದ ನೋಡಿದರು, ಹಗ್ಗ ನೋಡಿದರು, ಬೆರಳಿಟ್ಟು ನಡುವಿನ ಜಾಗ ಅಳೆದರು. ನೆರಳಿನ ಮೇಲೇ ಬೆರಳಿತ್ತು. ಒಬ್ಬರೂ ಅದನ್ನು ನೋಡಲಿಲ್ಲ.

"ತಪ್ಪಾತು ಬಿಡಪಾ ತಮ್ಮಾ," ಎಂದು ಶಿವಪ್ಪ ಒಳಗೆ ಹೋಗಿ ಸದಾನಂದನ ಹಿಟ್ಟಿನ ಕೈಯನ್ನೇ ಹಿಡಿದು ಕುಲುಕಿದ. "ಕ್ಯಾಚ್ ನಿಂದು. ಕಪ್ ಮಾತ್ರ ಕೊಡಂಗಿಲ್ಲ ನೋಡು."

"ಕಪ್ ಇಟ್ಕೊಳ್ಳಿ. ದೋಸೆ ತಿಂದು ಹೋಗಿ," ಎಂದ ಸದಾನಂದ. ಅದು ಅವನು ತವಾದ ಮೇಲೆ ಹಾಕಿದ ಕೊನೆಯ ದೋಸೆಗಳಲ್ಲಿ ಒಂದು. ಮರುದಿನ ಬೆಳಿಗ್ಗೆ ಧಣಿಗಳೇ ಅವನ ಕೈ ಹಿಡಿದು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು.

ಸ್ವಲ್ಪ ದಿನ ಬಿಟ್ಟು, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅವನ ಎದುರು ಚಹಾ ಕುಡಿಯುತ್ತ ನಾನು ಕೇಳಿದೆ: "ಅಲ್ಲ ಸದಾ, ಅಷ್ಟು ಕತ್ತಲೆಯಲ್ಲಿ ಚೆಂಡು ಹೇಗೆ ಕಂಡಿತು ನಿನಗೆ?" ನೆರಳಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಅವನಿಗೂ.

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಕತ್ತಲೆ ಆದದ್ದು ಹಿಡಿದ ಮೇಲೆ ಅಲ್ವಾ? ಅದಕ್ಕೆ ಮೊದಲು ಎಷ್ಟು ಬೆಳಕಿತ್ತು! ಬಾಲಿನ ಮೇಲಿನ ಗೆರೆ ಸಹ ಕಾಣ್ತಿತ್ತು. ಬಿಸಿಲಿಗೆ ಕಣ್ಣು ಚುಚ್ಚಿದ ಹಾಗಾಯ್ತು ಮಾರಾಯ್ರೆ, ನಾನು ಕಣ್ಣು ಕಿರಿದು ಮಾಡಿಯೇ ಹಿಡಿದದ್ದು."

ಚಹಾ ಮುಗಿಸಿ ಸ್ಟುಡಿಯೋಗೆ ಬಂದು ಭೂತಗನ್ನಡಿ ಹಿಡಿದು ಚಿತ್ರ ನೋಡಿದೆ. ಅವನ ಕಣ್ಣು ನಿಜವಾಗಿಯೂ ಕಿರಿದಾಗಿತ್ತು.

ಆಮೇಲೆ ಡಿಜಿಟಲ್ ಬಂತು. ಠಾಣೆ, ಕಲ್ಯಾಣ್, ವಾಶಿ ಎಂದು ಎಷ್ಟೋ ರಾತ್ರಿ ಪಂದ್ಯಗಳ ಫೋಟೋ ತೆಗೆದೆ. ಪ್ರತಿ ಸಲ ಮೊದಲು ಕಾಲಡಿ ನೋಡುತ್ತೇನೆ. ಅಂಥದ್ದು ಮತ್ತೆ ಸಿಗಲಿಲ್ಲ. ಆದದ್ದು ಒಳ್ಳೆಯದೇ ಆಯಿತು, ಹೆದರಿಕೆಯೇನೂ ಇಲ್ಲ. ಆ ಬೆಳಕು ಎಲ್ಲಿಂದ ಬಂತೆಂದು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಆಗಿದ್ದರೆ ಸಂಕೋಚ ಪಡದೆ ಬರೆಯಿರಿ. ನಾನಂತೂ ಈಗ ಚಾದರ ಎಳೆದುಕೊಂಡು ನಗುವುದಿಲ್ಲ.