ಎರಡಕ್ಕೆ ಏಳುತ್ತಿದ್ದವನು

ಹೋದ ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ನಾನು ಬೈರಿದೇವರಕೊಪ್ಪದಲ್ಲಿ ಗೆಳೆಯನ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಟೀವಿಯಲ್ಲಿ ನಾವು ಚಿಕ್ಕಂದಿನಿಂದ ನೋಡುತ್ತಿದ್ದ ಹಳೆಯ ರೆಸ್ಲಿಂಗ್ ಪಂದ್ಯ. ಸೋಲುವ ಪೈಲ್ವಾನನೇ ಗೆಳೆಯನಿಗೆ ಇಷ್ಟ.

"ಗೆಲ್ಲಾಕ ಯಾರಿಗರೆ ಬರತೈತಿ. ಹಿಂಗ ಬೀಳಾಕ ಬರಬೇಕಲೇ ಮಗನ!" ಎಂದು ಗೆಳೆಯ, ಎಂದಿನಂತೆ ಆ ಪೈಲ್ವಾನನ ಹಾಗೆಯೇ ಅಂಗಾತ ಬಿದ್ದ. ನಾನು ಚಪ್ಪಾಳೆ ತಟ್ಟಿದೆ. ಅಲ್ಲೇ ಇದ್ದ ಗೆಳೆಯನ ತಮ್ಮ ರೆಫರಿಯಂತೆ ನೆಲ ಬಡಿದು ಎಣಿಸಿದ: "ಒಂದ... ಎರಡ..."

ಮೂರು ಎಣಿಸಿದರೆ ಸೋಲು; ಎರಡಕ್ಕೆ ಭುಜ ಎತ್ತಿ ನಗುವುದು ಗೆಳೆಯನ ರೂಢಿ. ಮೂರಾಯಿತು.

"ಏಳೋ ಯಣ್ಣಾ, ಸಾಕ ನಿನ್ನ ನಾಟಕ."

ನಾವು ಇನ್ನೂ ನಗುತ್ತಿದ್ದೆವು. ಅವನ ಎದೆ ಆಡುತ್ತಿರಲಿಲ್ಲ.

ಹೃದಯ ನಿಂತಿದೆ ಎಂದರು ಆಸ್ಪತ್ರೆಯಲ್ಲಿ. ಬೀಳುವ ಮೊದಲೇ ನಿಂತಿತ್ತೋ, ನಾವು ಎಣಿಸುವಾಗಲೋ, ಹೇಳಲಾರೆ. ಅದನ್ನು ಕಂಡವರು ನಾನು ಮತ್ತು ಎಣಿಸಿದ ಆ ತಮ್ಮ, ಇಬ್ಬರೇ.