ಬಿಸಿನೀರಿನ ಬುಗ್ಗೆಯಲ್ಲಿ ಬಾಲವಿಲ್ಲದ ಚೇಳು

ನಾನು ಈವರೆಗೆ ಉಳಿದುಕೊಂಡ ಹೋಟೆಲುಗಳಲ್ಲೆಲ್ಲ ಅತ್ಯಂತ ಶ್ರೀಮಂತವಾದ ಕೋಣೆಯಲ್ಲಿ ಮಂಚವಿರಲಿಲ್ಲ. ಕುರ್ಚಿಗೆ ಕಾಲಿರಲಿಲ್ಲ. ಬಾಗಿಲಿಗೆ ಬೀಗವಿರಲಿಲ್ಲ, ಬಾಗಿಲೇ ಕಾಗದದ್ದು ಅಂದಮೇಲೆ ಬೀಗ ಹಾಕಿ ಮಾಡುವುದಾದರೂ ಏನು? ಗೋಡೆಯಲ್ಲೊಂದು ಗೂಡು, ಗೂಡಿನಲ್ಲೊಂದು ಹೂಜಿ, ಹೂಜಿಯಲ್ಲಿ ಒಂದೇ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಅರಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ಒಂದು ಮೊಗ್ಗು. ಉಳಿದದ್ದೆಲ್ಲ ಚಾಪೆ. ಜಪಾನಿನಲ್ಲಿ ಹೋಟೆಲು ದೊಡ್ಡದಾದಷ್ಟೂ ಸಾಮಾನು ಕಡಿಮೆಯಾಗುತ್ತದೆ ಎಂಬುದನ್ನು ನಾನು ಪುಸ್ತಿಕೆಯೊಂದರಲ್ಲಿ ಓದಿ ತಿಳಿದಿದ್ದೆ. ಓದಿರದ ನನ್ನ ಅತ್ತೆ ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಪಾಪ, ಈಗ್ತಾನೆ ಗೃಹಪ್ರವೇಶ ಆಗಿರ್ಬೇಕು ಕಣವ್ವ, ಇನ್ನೂ ಸಾಮಾನು ಬಂದಿಲ್ಲ" ಎಂದು ಮರುಗಿದರು.

ಹೌದು, ಅತ್ತೆ. ಹೊಸದಾಗಿ ಮದುವೆಯಾದವರಿಗೆಂದೇ ಹೇಳಿ ಮಾಡಿಸಿದಂಥ ಆ ಜಾಗಕ್ಕೆ ನಾನು ಹೋದದ್ದು ಗಂಡನ ತಾಯಿಯ ಜೊತೆ. ಇದಕ್ಕೆ ಕಾರಣ ಕೆಲವು ಸೊನ್ನೆಗಳು. ಎರಡು ಸಾವಿರದ ಇಸವಿ ಬಂದಾಗ ಜಗತ್ತಿನ ಕಂಪ್ಯೂಟರುಗಳೆಲ್ಲ ಕೊನೆಯ ಎರಡು ಅಂಕಿಗಳನ್ನಷ್ಟೇ ನೋಡಿ, ಸಾವಿರದ ಒಂಬೈನೂರೇ ಬಂತೆಂದು ತಿಳಿದು ಬುದ್ಧಿಭ್ರಮಣೆಗೆ ಒಳಗಾಗುತ್ತವೆ ಎಂದು ಎಲ್ಲರೂ ಹೆದರಿಕೊಂಡಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದ ನನ್ನಂಥ ನೂರಾರು ಜನ ಬೆಂಗಳೂರಿನಿಂದ ವಿಮಾನ ಹತ್ತಿದೆವು. ನಾನು ಇಳಿದದ್ದು ಹಮಾಮತ್ಸುವಿನಲ್ಲಿ, ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಲೆಕ್ಕಪತ್ರದ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಗಳನ್ನು ಹುಡುಕಿ ನಾಲ್ಕಂಕಿ ಮಾಡುವ ಘನಕಾರ್ಯಕ್ಕೆ. ಒಂದು ವರ್ಷ ಹುಡುಕಿದೆ. ಹೊಸ ವರ್ಷ ಬಂತು. ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡದ್ದಕ್ಕೆ ನನ್ನ ಮೇಲಿನ ಅಧಿಕಾರಿ ಮೋರಿ-ಸಾನ್ ಎರಡೂ ಕೈಯಲ್ಲಿ ಹಿಡಿದು ಒಂದು ಲಕೋಟೆ ಕೊಟ್ಟರು. ಒಳಗಿದ್ದದ್ದು ಇಜು ಕಡೆಯ ಬೆಟ್ಟದಲ್ಲಿರುವ ಹಳೆಯ ಕಾಲದ ಐಷಾರಾಮಿ ವಸತಿಗೃಹದಲ್ಲಿ ಇಬ್ಬರಿಗೆ ಒಂದು ದಿನದ ವಾಸ್ತವ್ಯ.

ಇಬ್ಬರು ಎಂದರೆ ನಾನು ಮತ್ತು ನನ್ನ ಗಂಡ ಎಂದು ಮೋರಿ-ಸಾನ್ ಭಾವಿಸಿದ್ದರು. ನನ್ನ ಗಂಡ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಇದೇ ಸೊನ್ನೆಗಳನ್ನು ಕಾಯುತ್ತಿದ್ದ, ರಜೆ ಸಿಗಲಿಲ್ಲ. ತನ್ನ ಬದಲಿಗೆ ಅವನು ನವೆಂಬರಿನಲ್ಲೇ ತನ್ನ ತಾಯಿಯನ್ನು ಕಳಿಸಿಕೊಟ್ಟಿದ್ದ. "ಜೊತೆಗಿರ್ತಾರೆ" ಅಂದಿದ್ದ. ಜೊತೆಗೆ ಎಂದರೆ ಕಾವಲಿಗೆ ಎಂದು ನಾನು ಅನುವಾದ ಮಾಡಿಕೊಂಡಿದ್ದೆ. ಮಂಡ್ಯದ ಕಡೆಯ ಅತ್ತೆಗೂ ಬೆಂಗಳೂರಿನಲ್ಲಿ ಬೆಳೆದ ನನಗೂ ಮದುವೆಯಾಗಿ ಮೂರು ವರ್ಷವಾದರೂ ಒಂದು ಜಗಳವೂ ಆಗಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವರು ಸಾರು ಮಾಡಿಟ್ಟಿರುತ್ತಿದ್ದರು, ನಾನು ಚೆನ್ನಾಗಿದೆ ಅನ್ನುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು. ಎರಡು ದೇಶಗಳ ರಾಯಭಾರಿಗಳು ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಅತ್ತೆಗೆ ಮಂಡಿನೋವು. ಲಿಫ್ಟಿಲ್ಲದ ಮೂರನೇ ಮಹಡಿಯ ನಮ್ಮ ಮನೆಯೂ ಹಮಾಮತ್ಸುವಿನ ಚಳಿಗಾಳಿಯೂ ಸೇರಿ ಅದನ್ನು ಇಮ್ಮಡಿ ಮಾಡಿದ್ದವು. ಆ ವಸತಿಗೃಹದ ಬಿಸಿನೀರಿನ ಬುಗ್ಗೆ ಕೀಲುನೋವಿಗೆ ರಾಮಬಾಣ ಎಂದು ಲಕೋಟೆಯಲ್ಲಿದ್ದ ಕಾಗದ ಹೇಳುತ್ತಿತ್ತು. ನಾನು ಅದನ್ನು ಓದಿ ಹೇಳಿದೆ. ಅತ್ತೆ ಯಾವುದನ್ನೂ ಬಾಯಿಬಿಟ್ಟು ಕೇಳುವವರಲ್ಲ, ಆದರೆ ಆವತ್ತಿನಿಂದ ದಿನಕ್ಕೊಮ್ಮೆ, ಪಾತ್ರೆ ತೊಳೆಯುತ್ತಲೋ ಸೊಪ್ಪು ಬಿಡಿಸುತ್ತಲೋ, "ಶನಿವಾರ ಅಲ್ವಾ ನಾವು ಹೋಗೋದು?" ಎಂದು ಖಚಿತಪಡಿಸಿಕೊಳ್ಳುತ್ತಿದ್ದರು. ಶನಿವಾರ ಅವರು ಮೀನು ಮುಟ್ಟುವುದಿಲ್ಲ. ಶನಿವಾರ ಸಂಜೆ ಸಸ್ಯಾಹಾರ, ಭಾನುವಾರ ಬೆಳಗ್ಗೆ ಮೀನಾದರೂ ಆಗಬಹುದು ಎಂದು ನಾನು ವಸತಿಗೃಹಕ್ಕೆ ಬರೆದ ಪತ್ರವನ್ನು ಅಲ್ಲಿಯ ಅಡುಗೆಯವರು ಎಷ್ಟು ಸಲ ಓದಿದರೋ ದೇವರೇ ಬಲ್ಲ.

ಆದರೆ ನನ್ನ ಚಿಂತೆ ಮೀನಿನದಲ್ಲ. ಈ ಬುಗ್ಗೆಗಳಲ್ಲಿ, ಇಲ್ಲಿಯವರು ಒನ್ಸೆನ್ ಅನ್ನುವ ಸ್ನಾನದ ತೊಟ್ಟಿಗಳಲ್ಲಿ, ಮೈಮೇಲೆ ನೂಲೆಳೆಯೂ ಇಲ್ಲದೆ ಇಳಿಯಬೇಕು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ಅದೇನೋ ಸರಿ. ಆದರೆ ಅತ್ತೆ ಮತ್ತು ಸೊಸೆಗೆ ಬೇರೆ ಬೇರೆ ತೊಟ್ಟಿ ಇರಬೇಕೆಂದು ಈ ಪುರಾತನ ನಾಗರಿಕತೆಗೆ ಹೊಳೆದೇ ಇಲ್ಲ! ಮನೆಯಲ್ಲಿ ಸೆರಗು ಜಾರಿದರೆ ಕಣ್ಣಲ್ಲೇ ಸರಿಪಡಿಸುವ ಅತ್ತೆಯ ಎದುರು ನಾನು ಹೇಗೆ ನಿಲ್ಲಲಿ? ಮುಟ್ಟಾಗಿದ್ದೇನೆ ಎನ್ನೋಣವೆಂದರೆ ಆ ನೆಪವನ್ನು ಎರಡು ವಾರದ ಹಿಂದೆ ಸಂಕ್ರಾಂತಿ ಪೂಜೆಯಿಂದ ತಪ್ಪಿಸಿಕೊಳ್ಳಲು ಖರ್ಚು ಮಾಡಿಬಿಟ್ಟಿದ್ದೆ.

ಅತ್ತೆಗೆ ಮಾತ್ರ ಆ ಜಾಗ ಕಾಲಿಟ್ಟ ಗಳಿಗೆಯಿಂದ ಹಿಡಿಸಿತು. ಹೊಸಿಲಲ್ಲೇ ಚಪ್ಪಲಿ ಬಿಡಿಸಿದರು. ಪಾಯಿಖಾನೆಗೆ ಬೇರೆಯೇ ಚಪ್ಪಲಿ ಇಟ್ಟಿದ್ದರು. ತೊಟ್ಟಿಗಿಳಿಯುವ ಮುಂಚೆ ಮೈ ಉಜ್ಜಿ ತೊಳೆದುಕೊಳ್ಳಬೇಕೆಂದೂ, ಬಟ್ಟೆ ನೀರಿಗೆ ತಾಗಬಾರದೆಂದೂ ಚಿತ್ರಸಮೇತ ಬರೆದು ಅಂಟಿಸಿದ್ದರು. "ಇವ್ರಿಗೆ ಮೈಲಿಗೆ ಅಂದ್ರೇನು ಅಂತ ಗೊತ್ತೈತೆ" ಎಂದು ಅತ್ತೆ ಒಂದು ಇಡೀ ದೇಶವನ್ನು ತೇರ್ಗಡೆ ಮಾಡಿದರು. ನಾವು ಶುಚಿಯಾಗಲು ಸ್ನಾನ ಮಾಡುತ್ತೇವೆ, ಇವರು ಸ್ನಾನ ಮಾಡಲು ಶುಚಿಯಾಗುತ್ತಾರೆ. ಮಡಿಯಲ್ಲಿ ಒಂದು ಕೈ ಮೇಲೆಂದೇ ಹೇಳಬೇಕು.

ಎಡವಟ್ಟಾದದ್ದು ಯುಕಾತಾ ಉಡಿಸುವಾಗ. ಯುಕಾತಾ ಎಂದರೆ ಸ್ನಾನಕ್ಕೆ ಹೋಗಿಬರುವಾಗ ತೊಡುವ ಹತ್ತಿಯ ನಿಲುವಂಗಿ. ಪರಿಚಾರಿಕೆಯೊಬ್ಬಳು ಮಂಡಿಯೂರಿ, ನಗುನಗುತ್ತ ಅತ್ತೆಯ ಎಡಗೈಯನ್ನು ಅದರ ತೋಳಿಗೆ ತೂರಿಸುತ್ತಿದ್ದವಳು ತಟ್ಟನೆ ನಿಂತಳು. ನಗು ಇದ್ದ ಜಾಗದಲ್ಲೇ ಇತ್ತು, ಅದರ ಒಳಗಿನವಳು ಎದ್ದುಹೋಗಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅತ್ತೆಗೆ ಹಚ್ಚೆಯಿದೆ: ಒಂದು ತುಳಸಿಕಟ್ಟೆ, ಅದರ ಸುತ್ತ ಚುಕ್ಕಿಗಳು, ಕೆಳಗೊಂದು ಚೇಳು. ಮೂರು ವರ್ಷದಿಂದ ಕಾಣುತ್ತ ಬಂದ ಕೈ. ಅದರ ಮೇಲೆ ಪ್ರತ್ಯೇಕವಾಗಿ ಏನೋ ಇದೆ ಎಂದು ನನಗೆ ಅನಿಸಿಯೇ ಇರಲಿಲ್ಲ. ಒಂದು ವರ್ಷ ಲಕ್ಷಗಟ್ಟಲೆ ಸಾಲುಗಳಲ್ಲಿ ತಪ್ಪು ಹುಡುಕಿದ ಕಣ್ಣು ನನ್ನದು ಎಂಬುದನ್ನು ಇಲ್ಲಿ ನೆನಪಿಸಿದರೆ ಸಾಕು.

ಜಪಾನಿನಲ್ಲಿ ಹಚ್ಚೆ ಎಂದರೆ ರೌಡಿಗಳ ಗುರುತು. ಹಿಂದೊಂದು ಕಾಲಕ್ಕೆ ಇಲ್ಲಿ ಅಪರಾಧಿಗಳಿಗೆ ಹಚ್ಚೆ ಒತ್ತುತ್ತಿದ್ದರಂತೆ. ಆಮೇಲೆ ಭೂಗತ ಜಗತ್ತಿನವರು ಅದನ್ನೇ ಅಭಿಮಾನದಿಂದ ಬೆನ್ನ ತುಂಬ ಹಾಕಿಸಿಕೊಂಡರು. ಹಾಗಾಗಿ ಹಚ್ಚೆ ಇದ್ದವರಿಗೆ ಸಾರ್ವಜನಿಕ ತೊಟ್ಟಿಯಲ್ಲಿ ಪ್ರವೇಶವಿಲ್ಲ. ಅತ್ತೆಯ ಊರಿನಲ್ಲೋ, ಹಚ್ಚೆಯಿಲ್ಲದ ಹೆಣ್ಣಿನ ಕೈಯಿಂದ ಅವರ ಅಜ್ಜಿಯ ಕಾಲದವರು ನೀರು ಕುಡಿಯುತ್ತಿರಲಿಲ್ಲವಂತೆ. ಅಲ್ಲಿ ಹಚ್ಚೆಯಿಲ್ಲದಿದ್ದರೆ ಅಡುಗೆಮನೆಗೆ ಸೇರಿಸರು, ಇಲ್ಲಿ ಹಚ್ಚೆಯಿದ್ದರೆ ಬಚ್ಚಲುಮನೆಗೆ ಸೇರಿಸರು. ಹೆಣ್ಣಾದವಳು ಹೊರಡುವ ಮುಂಚೆ ಯಾವ ಮನೆಗೆ ಎಂದು ಕೇಳಿಕೊಂಡು ಕೈ ತರಬೇಕು.

ಐದು ನಿಮಿಷದಲ್ಲಿ ವಸತಿಗೃಹದ ಯಜಮಾನಿಯೇ ಬಂದರು. ಇವರನ್ನು ಒಕಾಮಿ-ಸಾನ್ ಅನ್ನುತ್ತಾರೆ. ನೆಲಕ್ಕೆ ಹಣೆ ತಾಗಿಸಿ, ತಮ್ಮದೇ ಏನೋ ಮಹಾಪರಾಧವೆಂಬಂತೆ ಕ್ಷಮೆ ಕೇಳತೊಡಗಿದರು. ಇಲ್ಲ ಎಂಬ ಒಂದು ಮಾತನ್ನು ಹೇಳದೆ ಇಲ್ಲ ಎನ್ನಲು ಜಪಾನೀ ಭಾಷೆಗೆ ಹತ್ತು ನಿಮಿಷ ಬೇಕು. ದೊಡ್ಡ ತೊಟ್ಟಿಯಲ್ಲಿ ಬೇರೆ ಅತಿಥಿಗಳಿದ್ದಾರೆ, ಅವರು ಗಾಬರಿಯಾಗಬಹುದು. ಕುಟುಂಬದವರಿಗೆಂದೇ ಒಂದು ಪುಟ್ಟ ತೊಟ್ಟಿಯಿದೆ, ತಾವಿಬ್ಬರೂ ಅಲ್ಲಿ ಸ್ನಾನ ಮಾಡಬಹುದಲ್ಲ ಎಂಬುದು ಒಟ್ಟು ಸಾರಾಂಶ. ಪುಟ್ಟ ತೊಟ್ಟಿ! ಇಬ್ಬರೇ! ಅಷ್ಟು ಹತ್ತಿರ! ನಾನು, "ಯೋಚಿಸಿ ಹೇಳುತ್ತೇನೆ" ಅಂದೆ. ಈ ದೇಶದಲ್ಲಿ ಹಾಗೆಂದರೆ ಬೇಡ ಎಂದೇ ಅರ್ಥವೆಂದು ಒಂದು ವರ್ಷದ ಮೀಟಿಂಗುಗಳಲ್ಲಿ ಚೆನ್ನಾಗಿ ಕಲಿತಿದ್ದೆ. ಒಕಾಮಿ-ಸಾನ್ ಅರ್ಥ ಮಾಡಿಕೊಂಡು ತಲೆಬಾಗಿಸಿ ಹೋದರು.

"ಏನಂತೆ?" ಎಂದರು ಅತ್ತೆ.

"ತೊಟ್ಟಿ ತೊಳೀತಿದಾರಂತೆ ಅತ್ತೆ. ಇವತ್ತು ಆಗೋದು ಡೌಟು."

"ಹೌದಾ? ಸರಿ ಬುಡು" ಎಂದು ಅತ್ತೆ ಕಾಲಿಲ್ಲದ ಕುರ್ಚಿಯಲ್ಲಿ ಕಷ್ಟಪಟ್ಟು ಕೂತು, ಎರಡೂ ಮಂಡಿಗಳನ್ನು ಅಂಗೈಯಿಂದ ನೀವಿಕೊಳ್ಳುತ್ತ ಕಿಟಕಿಯಾಚೆ ಏಳುತ್ತಿದ್ದ ಹಬೆಯನ್ನು ನೋಡತೊಡಗಿದರು. ನನಗೆ ಆ ಕ್ಷಣದಲ್ಲಿ ಆದದ್ದು ನಿರಾಳ. ಅದನ್ನು ಮುಚ್ಚಿಟ್ಟು ದೊಡ್ಡವಳಾಗುವ ಆಸೆ ನನಗಿಲ್ಲ. ಬಚಾವಾದೆ ಎಂದು ಸಂತೋಷಪಟ್ಟೆ, ಆಮೇಲೆ ಆ ಅಂಗೈಗಳು ಮಂಡಿಯ ಮೇಲೆ ಆಡುವುದನ್ನು ನೋಡಿ ನಾಚಿಕೆಯಾಯಿತು.

ನನ್ನ ಸುಳ್ಳಿನ ಆಯಸ್ಸು ಕಾಲುಗಂಟೆಯೂ ಇರಲಿಲ್ಲ. ಪುಟ್ಟ ತೊಟ್ಟಿ ಬೇಡವೆಂದ ಅತಿಥಿಗೆ ಇನ್ನೊಂದು ದಾರಿ ಹುಡುಕುವುದು ಒಕಾಮಿ-ಸಾನರ ಧರ್ಮ. ಅವರು ಚರ್ಮದ ಬಣ್ಣದ ಅಂಟುಪಟ್ಟಿಗಳನ್ನು ಕಳಿಸಿಕೊಟ್ಟರು. ಪರಿಚಾರಿಕೆ ಬಂದು ಅತ್ತೆಯ ಕೈಯನ್ನು ಮೆತ್ತಗೆ ಹಿಡಿದು ಒಂದಾದ ಮೇಲೊಂದರಂತೆ ಅಂಟಿಸಿದಳು. ಚರ್ಮದ ಬಣ್ಣವೇನೋ ನಿಜ, ಆದರೆ ಅದು ಅವರ ಚರ್ಮದ್ದು. ಅತ್ತೆಯ ಕಪ್ಪು ಕೈಮೇಲೆ ಏಳು ಬಿಳಿಚಿದ ಪಟ್ಟಿಗಳು! ಬರಿಗೈಯಲ್ಲಿ ಹಚ್ಚೆಯನ್ನು ಗಮನಿಸದವರೂ ಈಗ ಮೈಲಿ ದೂರದಿಂದ ತಿರುಗಿ ನೋಡುವಂತಿತ್ತು.

"ನಂಗೆ ಗಾಯ ಆಗಿಲ್ವಲ್ಲವ್ವ, ಯಾಕೆ ಮೆತ್ತವ್ಳೆ?" ಎಂದು ಅತ್ತೆ ನನ್ನ ಮುಖ ನೋಡಿದರು. "ತೊಟ್ಟಿ ತೊಳೀತಾವ್ರೆ ಅಂದಿದ್ದು ಸುಳ್ಳು, ಅಲ್ವಾ?"

ಹೇಳಿಬಿಟ್ಟೆ. ಇಲ್ಲಿ ರೌಡಿಗಳು ಮಾತ್ರ ಹಚ್ಚೆ ಹಾಕಿಸಿಕೊಳ್ಳುವುದು, ಅದಕ್ಕೇ ಒಳಗೆ ಬಿಡುವುದಿಲ್ಲ ಎಂದೆ. ಅಳುತ್ತಾರೆ ಅಥವಾ ಈಗಲೇ ಹೊರಡೋಣ ಅನ್ನುತ್ತಾರೆ ಎಂದು ಕಾದೆ. ಅತ್ತೆ ತಮ್ಮ ಕೈ ನೋಡಿಕೊಂಡರು. ಆಮೇಲೆ ಭುಜ ಕುಲುಕಿತು.

"ನನ್ನ? ನನ್ನ ರೌಡಿ ಅಂದ್ಕಂಡವ್ರಾ?" ನಗು ತಡೆಯಲಾರದೆ ಚಾಪೆಗೆ ಕೈಯೂರಿದರು. "ಅಯ್ಯೋ, ನಿಮ್ಮಾವ ಇರ್ಬೇಕಿತ್ತು ಕಣವ್ವ ಇದ ಕೇಳಕೆ! ನಲವತ್ತು ವರ್ಸ ಆಯಪ್ಪ ಕೆಮ್ಮಿದ್ರೆ ನಾ ಎದ್ದು ನಿಂತ್ಕತಿದ್ದೆ. ಹುಟ್ಟಿದಾಗ್ನಿಂದ ನನ್ನ ಕಂಡು ಒಂದು ಕೋಳೀನೂ ಹೆದರಿಲ್ಲ!"

ಮೂರು ವರ್ಷದಿಂದ ಒಬ್ಬಳು ಹೆದರುತ್ತಲೇ ಇದ್ದಾಳೆ ಎಂದು ಹೇಳಬೇಕೆನಿಸಿತು. ಅತ್ತೆ ಒಂದೊಂದೇ ಪಟ್ಟಿ ಕಿತ್ತು ಕೈಯನ್ನು ಬೆಳಕಿಗೆ ಹಿಡಿದರು. "ನೋಡಿಲ್ಲಿ, ಈ ಚೇಳಿಗೆ ಬಾಲಾನೇ ಇಲ್ಲ. ಹನ್ನೊಂದು ವರ್ಸ ನಂಗೆ. ಹಚ್ಚೆ ಹುಯ್ಯೋಳು ಸೂಜಿ ಚುಚ್ತಾ ಇದ್ಲು, ಉರಿ ತಡೀನಾರ್ದೆ ಅರ್ಧಕ್ಕೆ ಎದ್ದು ಓಡೋದೆ. ಬಾಲ ಇಲ್ದಿರೋ ಚೇಳು ಯಾರ್ನ ಕುಟುಕ್ತದೆ? ಹೋಗಿ ಹೇಳವ್ವ ಆಯಮ್ಮಂಗೆ." ಆಮೇಲೆ ನಗು ನಿಲ್ಲಿಸಿ, ಬೇರೆ ದನಿಯಲ್ಲಿ, "ಮಂಡಿ ಬಲು ನೋಯ್ತಾ ಅವೆ ಕಣವ್ವ. ಒಂದ್ಸಲ ಆ ನೀರ್ನಲ್ಲಿ ಕುಂತ್ಕಬೇಕು ಅಂತ ಆಸೆ ಇತ್ತು" ಎಂದರು.

ಅವರು ನನ್ನ ಬಳಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನಾನು ಎದ್ದು ಒಕಾಮಿ-ಸಾನರ ಬಳಿ ಹೋಗಿ, ಒಂದು ವರ್ಷದಲ್ಲಿ ಕಲಿತ ಎಲ್ಲ ಸುತ್ತುಬಳಸನ್ನೂ ಬಿಟ್ಟು, ಪುಟ್ಟ ತೊಟ್ಟಿ ಬೇಕು, ಈಗಲೇ ಬೇಕು, ನಮ್ಮ ಅತ್ತೆಗೆ ಮಂಡಿನೋವು ಎಂದೆ. ಚೇಳಿನ ಬಾಲದ ವಿಷಯವನ್ನೂ ನನಗೆ ಬಂದ ಜಪಾನೀಯಲ್ಲಿ ಹೇಳಿದೆ. ಅವರು ತುಂಬ ಗಂಭೀರವಾಗಿ ಕೇಳಿಸಿಕೊಂಡರು. ಎದ್ದು ಹೋಗುವಾಗ ಮಾತ್ರ ತೋಳಿನಿಂದ ಬಾಯಿ ಮುಚ್ಚಿಕೊಂಡರು. ಮುಕ್ಕಾಲು ಗಂಟೆಯ ಮಟ್ಟಿಗೆ ತೊಟ್ಟಿ ನಮ್ಮದಾಯಿತು. ಅವಧಿ ಮುಗಿದಾಗ ಪರಿಚಾರಿಕೆ ಬಾಗಿಲು ತಟ್ಟುವುದೆಂದೂ ತೀರ್ಮಾನವಾಯಿತು.

ಮರದ ಪುಟ್ಟ ತೊಟ್ಟಿ, ಮೇಲೆ ಬಿದಿರಿನ ಮರೆ, ಇಳಿಹೊತ್ತಿನ ಬಿಸಿಲು. ನಾನು ಬೇರೆಲ್ಲೋ ನೋಡುತ್ತ, ಮುಚ್ಚಿಕೊಳ್ಳಲು ಎರಡು ಕೈ ಸಾಲದೆ ಒದ್ದಾಡುತ್ತ, ಅತ್ತೆಯ ರಟ್ಟೆ ಹಿಡಿದು ನೀರಿಗಿಳಿಸಿದೆ. ಅತ್ತೆ ನಾಚಲಿಲ್ಲ. ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿ ಒಂದು ಉದ್ದನೆಯ ಉಸಿರು ಬಿಟ್ಟರು. ಅರವತ್ತು ವರ್ಷದ ಮೈಯೆಲ್ಲ ಆ ಉಸಿರಿನಲ್ಲಿ ಒಮ್ಮೆಲೇ ಕೂತುಕೊಂಡಿತು. ಎಷ್ಟೋ ಹೊತ್ತಿನ ಮೇಲೆ, "ತಿರುಕ್ಕೋ, ಬೆನ್ನುಜ್ತೀನಿ" ಎಂದರು. ಬೇಡ ಅನ್ನುವಷ್ಟರಲ್ಲಿ ಅಂಗೈ ಬೆನ್ನಿನ ಮೇಲಿತ್ತು. ಎರಡು ಸಲ ಉಜ್ಜಿ ಕೈ ನಿಂತಿತು. ತಪ್ಪು ಕಂಡಿತು ಎಂದುಕೊಂಡೆ.

"ಪಕ್ಕೆಲುಬು ಎಣಿಸ್ಬೋದಲ್ಲವ್ವ" ಎಂದರು ಅತ್ತೆ. "ಎರಡೂವರೆ ತಿಂಗಳಿಂದ ಒಂದೇ ಮನೇಲಿ ಇದ್ದೀನಿ. ಆ ದಪ್ಪ ಸ್ವೆಟ್ರು ನೋಡ್ಕಂಡು ಚೆನ್ನಾಗವ್ಳೆ ಅಂತಿದ್ದೆ. ನಿನ್ನ ಗಂಡಂಗೂ ಫೋನಲ್ಲಿ ಅದೇ ಹೇಳ್ತಿದ್ದೆ. ಯಾಕವ್ವ ಒಂದು ಮಾತೂ ಹೇಳ್ಲಿಲ್ಲ ನೀನು?"

ನಾನು "ಅತ್ತೆ, ಮೋರಿ-ಸಾನ್, ಸೊನ್ನೆಗಳು, ಒಂಟಿತನ" ಎಂದು ಏನೇನೋ ಶುರುಮಾಡಿ, ನಡುವೆ ಮಾತು ತಪ್ಪಿ, ದೊಡ್ಡ ದನಿ ತೆಗೆದು ಅತ್ತುಬಿಟ್ಟೆ. ಅತ್ತೆ ಬೆನ್ನುಜ್ಜುವುದನ್ನು ಮುಂದುವರಿಸಿದರು. ಅಳು ಮುಗಿದ ಮೇಲೆ ನಾನು ಅವರ ಮಂಡಿ ನೀವಿದೆ. ಅವರು ತಮ್ಮ ಅತ್ತೆಯ ಕಥೆ ಹೇಳಿದರು, ಅದಂತೂ ನನ್ನದಕ್ಕಿಂತ ಭಯಂಕರವಾಗಿತ್ತು, ಇಬ್ಬರೂ ನಕ್ಕೆವು. ನಮಗೆ ಕೊಟ್ಟ ಮುಕ್ಕಾಲು ಗಂಟೆ ಯಾವಾಗಲೋ ಮುಗಿದುಹೋಗಿತ್ತು. ಬಾಗಿಲ ಹೊರಗೆ ಹೆಜ್ಜೆಯ ಸದ್ದು ಬಂತು, ನಿಂತಿತು, ಒಮ್ಮೆ ಕೆಮ್ಮಿತು, ತುಸು ಕಾದು ಮೆಲ್ಲಗೆ ಹಿಂದಿರುಗಿ ಹೋಯಿತು. ಯಾರೂ ಬಾಗಿಲು ತಟ್ಟಲಿಲ್ಲ. ಒಳಗಿರುವವರು ಎಂಥ ರೌಡಿಗಳೆಂದು ಅವರಿಗೆ ಗೊತ್ತಿತ್ತಲ್ಲ.