ಮುಚ್ಚಿದ ಕೌಂಟರಿನ ಏಳನೇ ಸೀಟು

ದೆವ್ವ ಕಂಡೆ, ಯಾರೋ ಹೆಸರು ಹಿಡಿದು ಕೂಗಿದರು ಎಂದು ಯಾರಾದರೂ ಕಥೆ ಶುರು ಮಾಡಿದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಲೈಟು ಹಾಕಿ ನೋಡಿದಿರಾ?’ ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಿದ್ದರು. ನಮ್ಮ ಕಡೆ ಮರಕ್ಕೊಂದು ಚೌಡಿ, ರಸ್ತೆಯ ತಿರುವಿಗೊಂದು ಭೂತ ಎಂದು ಹಂಚಿಟ್ಟಿರುತ್ತಾರೆ. ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ಲೈಟು ಹಾಕಿಯೇ ನೋಡಿದ್ದೆ ಎನ್ನುವುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೊಪ್ಪದಲ್ಲಿ ಒಂದು ಖಾಸಗಿ ಬಸ್ಸಿನವರ ಬುಕಿಂಗ್ ಆಫೀಸಿನ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಎಂದು ಎಲ್ಲರೂ ಕರೆಯುವ ನರಸಿಂಹರಾಜಪುರ, ಈ ಮೂರು ಕಡೆ ನಮ್ಮ ಆಫೀಸಿತ್ತು. ಮೂರು ಕಡೆಯೂ ಒಂದೊಂದು ಸರ್ವರ್, ಅಂದರೆ ಸೀಟುಗಳ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಕಂಪ್ಯೂಟರ್. ಕರೆಂಟು ಹೋದಾಗಲೆಲ್ಲ ಮೂರು ಕಡೆಯೂ ಜನರೇಟರ್ ಗುಡುಗುತ್ತಿತ್ತು. ಡೀಸೆಲ್ ಬಿಲ್ಲು ನೋಡಿದಾಗಲೆಲ್ಲ ಮಾಲೀಕರು ಗುಡುಗುತ್ತಿದ್ದರು.

ನಾನೊಂದು ಉಪಾಯ ಮಾಡಿದೆ. ಹತ್ತು ಜನ ಊಟಕ್ಕೆ ಬಂದರೆ ಮೂರು ಪಂಕ್ತಿ ಹಾಕುತ್ತೇವೆಯೇ? ಒಂದು ಪಂಕ್ತಿ ತುಂಬಿದ ಮೇಲೆ ತಾನೆ ಇನ್ನೊಂದು. ಹಾಗೆಯೇ, ಯಾವ ಊರಲ್ಲಿ ಕರೆಂಟಿದೆಯೋ ಆ ಊರಿನ ಸರ್ವರಿಗೆ ಮೂರೂ ಊರಿನ ಕೌಂಟರಿನವರು ಟೆಲಿಫೋನ್ ಲೈನಿನ ಮೂಲಕ ಸೇರಿಕೊಳ್ಳಬೇಕು. ಅದಕ್ಕೆ ಭಾರ ಹೆಚ್ಚಾದರೆ ಮಾತ್ರ ಎರಡನೆಯದನ್ನು ಎಬ್ಬಿಸಬೇಕು. ಉಳಿದದ್ದು ಮಲಗಿರಲಿ. ಕರೆಂಟಿಲ್ಲದ ಊರಿನ ಕೌಂಟರಿನ ಕಂಪ್ಯೂಟರಿಗೆ ಬ್ಯಾಟರಿ ಸಾಕು. ಯಾರು ಯಾವ ಸರ್ವರಿಗೆ ಎಂದು ಹಂಚುವ ಪ್ರೋಗ್ರಾಮನ್ನು ನಾನೇ ಬರೆದೆ. ಜೊತೆಗೆ ಇನ್ನೊಂದು ನಿಯಮ ಸೇರಿಸಿದೆ: ಕೌಂಟರಿನವರು ಸೀಟು ಹಿಡಿದಿಟ್ಟು ಟಿಕೆಟ್ ಮಾಡದೆ ಕುಳಿತರೆ ಹತ್ತು ನಿಮಿಷಕ್ಕೆ ಆ ಸೀಟು ತಾನಾಗಿ ಬಿಟ್ಟುಹೋಗಬೇಕು. ಒಂದು ಸೀಟಿಗಾಗಿ ಒಂದು ಸರ್ವರ್ ಎದ್ದು ಕುಳಿತಿರಬಾರದಲ್ಲ. ಡೀಸೆಲ್ ಖರ್ಚು ಇಳಿಯಿತು, ಮಾಲೀಕರ ಗುಡುಗೂ ಇಳಿಯಿತು.

ಸಿಟ್ಟಾದವರು ಶೇಷಣ್ಣ ಒಬ್ಬರೇ. ಅವರು ನರಸಿಂಹರಾಜಪುರದ ನಮ್ಮ ಏಜೆಂಟರು. ಬಸ್ಸು ಬಂದು ನಿಲ್ಲುವ ತನಕ ಕಡೆಯ ಒಂದು ಸೀಟನ್ನು ಮಾರದೆ ಇಟ್ಟುಕೊಳ್ಳುವುದು ಹಳೆಯ ಏಜೆಂಟರ ರೂಢಿ. ಆಸ್ಪತ್ರೆಗೋ ಸಾವಿನ ಮನೆಗೋ ಹೊರಟವರು ಮೊದಲೇ ಬುಕ್ ಮಾಡಿಸಿರುವುದಿಲ್ಲ ಎಂಬ ಕಾರಣಕ್ಕೆ. ‘ನಿನ್ ಪ್ರೋಗ್ರಾಮಿಗೆ ಕಣ್ಣಿಲ್ಲ ಮಾರಾಯ’ ಎಂದು ಅವರು, ಖಾಲಿ ಸೀಟನ್ನು ಬೆಂಗಳೂರು ತನಕ ಮೆರವಣಿಗೆ ಮಾಡಿಸಬೇಕೇ ಎಂದು ನಾನು. ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ.

ಹೀಗಿರುವಾಗ ಶೇಷಣ್ಣನ ಆಫೀಸಿನ ಸರ್ವರಿನೊಳಗೆ ಇರುವೆ ಗೂಡು ಕಟ್ಟಿತು. ಅವರು ಕೌಂಟರಿಗೆ ಬೀಗ ಹಾಕಿ, ಮಧ್ಯಾಹ್ನದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೊಪ್ಪಕ್ಕೆ ತಂದರು. ನಾನು ಮುಚ್ಚಳ ತೆಗೆದು, ಡಿಸ್ಕು ಕಳಚಿ, ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಬ್ರಷ್ಷಿನಿಂದ ಇರುವೆ ಗುಡಿಸತೊಡಗಿದೆ.

ಸಂಜೆಯ ಹೊತ್ತಿಗೆ ಬೆಂಗಳೂರಿನ ರಾತ್ರಿ ಬಸ್ಸು ತುಂಬಿ ಒಂದೇ ಸೀಟು ಉಳಿಯಿತು, ಏಳನೆಯದು. ಮಾಲೀಕರ ಷಡ್ಕರು ಸೂಟ್‌ಕೇಸ್ ಹಿಡಿದು ಅದಕ್ಕಾಗಿಯೇ ಬಂದು ಕುಳಿತಿದ್ದರು. ಟಿಕೆಟ್ ಮಾಡಲು ಹೋದರೆ ಸೀಟು ಸಿಗಲಿಲ್ಲ, ಯಾರೋ ಹಿಡಿದಿಟ್ಟಿದ್ದರು. ಯಾರೆಂದು ನೋಡಿದೆ. ನರಸಿಂಹರಾಜಪುರದ ಕೌಂಟರ್, ನರಸಿಂಹರಾಜಪುರದ ಸರ್ವರ್ ಮೂಲಕ ಎಂದು ತೋರಿಸಿತು.

ಆ ಸರ್ವರ್ ನನ್ನ ಮೊಣಕೈ ಪಕ್ಕದಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

ಹಳೆಯ ದಾಖಲೆ ಉಳಿದುಕೊಂಡಿರಬೇಕು ಎಂದು ಅಳಿಸಿದೆ. ಮತ್ತೆ ಬಂತು, ಆಗಿನ ಹೊತ್ತನ್ನೇ ತೋರಿಸುತ್ತ ಬಂತು. ಮತ್ತೆ ಅಳಿಸಿದೆ, ಮತ್ತೆ ಬಂತು. ಬೇರೆ ಊರುಗಳಿಂದ ಬರುವ ಲೈನನ್ನೇ ಕಿತ್ತೆ. ಕೊಪ್ಪದ ಸರ್ವರನ್ನು ಆರಿಸಿ ಮತ್ತೆ ಹಚ್ಚಿದೆ. ಶೃಂಗೇರಿಗೆ ಫೋನ್ ಮಾಡಿದರೆ ಅಲ್ಲಿ ಕರೆಂಟಿಲ್ಲ, ಅವರ ಸರ್ವರ್ ಆಗಲೇ ಮಲಗಿದೆ. ಹತ್ತು ನಿಮಿಷದ ನಿಯಮಕ್ಕೂ ಅದು ಸೊಪ್ಪು ಹಾಕಲಿಲ್ಲ. ಏಳನೇ ಸೀಟು ಕಲ್ಲಿನ ಹಾಗೆ ಕೂತಿತ್ತು. ಷಡ್ಕರು ಮಾಲೀಕರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ‘ಒಂದು ಸೀಟು ಬಿಡಿಸಕ್ಕೆ ಆಗಲ್ಲ ಅಂದ್ರೆ ನೀನು ಅಲ್ಲಿ ಕೂತಿರೋದು ಎಂತಕ್ಕೆ?’ ಎಂದರು ಮಾಲೀಕರು. ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳುವ ಹಾಗಾಯಿತು.

ಇದು ಶೇಷಣ್ಣನ ಕಿತಾಪತಿ ಎಂದೇ ನನಗೆ ಅನ್ನಿಸಿತು. ಆದರೆ ಅವರು ಮಧ್ಯಾಹ್ನದಿಂದ ನನ್ನ ಪಕ್ಕದ ಕುರ್ಚಿಯಲ್ಲೇ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ಕಾಫಿಗೂ ಎದ್ದುಹೋಗಿರಲಿಲ್ಲ, ಆಫೀಸಿಗೇ ತರಿಸಿದ್ದೆವು.

‘ಶೇಷಣ್ಣ, ನಿಜ ಹೇಳಿ. ಎಂತ ಮಾಡಿದ್ರಿ ಇದಕ್ಕೆ?’

‘ನಾನೆಂತ ಮಾಡ್ಲಿ ಮಾರಾಯ? ಬೀಗದ ಕೈ ಜೇಬಲ್ಲಿದೆ, ಮಿಷನ್ನು ನಿನ್ ಮುಂದಿದೆ, ನಾನು ಇಲ್ಲಿದೀನಿ. ಇನ್ನು ಉಳಿದಿದ್ದು ಇರುವೆ. ಅವನ್ನೇ ಕೇಳು.’

ಅಷ್ಟರಲ್ಲಿ ಶೃಂಗೇರಿಯಿಂದ ಹರಿಹರಪುರದ ಮೇಲೆ ಬೆಂಗಳೂರಿನ ಬಸ್ಸು ಬಂದು ನಿಂತಿತು. ಅದರ ಹಿಂದೆಯೇ ಒಂದು ಆಟೋ ಬಂತು. ಇಳಿದು ಓಡಿಬಂದ ಹೆಂಗಸನ್ನು ನಾನು ಅದೇ ಮೊದಲು ನೋಡಿದ್ದು. ಹಿರೇಕೊಡಿಗೆಯವರಂತೆ. ಗಂಡನನ್ನು ಹಿಂದಿನ ದಿನ ಮೈದುನ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದಿದ್ದ. ಪರಿಸ್ಥಿತಿ ಕೈಮೀರಿದೆ, ಕೂಡಲೇ ಹೊರಟು ಬನ್ನಿ ಎಂದು ಆಗಷ್ಟೇ ತಿಳಿಸಿದ್ದನಂತೆ.

‘ಏಳನೇ ಸೀಟು ನಂಗೆ ಇಟ್ಟಿದೀರಂತಲ್ಲ, ಕೊಡಿ’ ಎಂದರು.

‘ಯಾರು ಹೇಳಿದ್ದು ನಿಮಗೆ?’

‘ನಿಮ್ ಎನ್.ಆರ್. ಪುರದ ಆಫೀಸಿಂದ ಫೋನ್ ಬಂತಲ್ಲ. ನಾನು ಯಾರನ್ನೂ ಕೇಳಿರ್ಲಿಲ್ಲ. ಹ್ಯಾಗೆ ಹೋಗೋದಪ್ಪಾ ಅಂತ ಕೂತಿದ್ದೆ.’

ಶೇಷಣ್ಣನ ಕೈ ಕಡಲೆಕಾಯಿಯ ಪೊಟ್ಟಣದಲ್ಲೇ ನಿಂತಿತು. ಜೇಬು ಮುಟ್ಟಿ ನೋಡಿಕೊಂಡರು, ಬೀಗದ ಕೈ ಅಲ್ಲೇ ಇತ್ತು. ಸೀಟು ಬಿಡುತ್ತಿಲ್ಲ, ನೋಡಿ, ಎಂದು ಆಕೆಗೆ ತೋರಿಸಲೆಂದೇ ನಾನು ಗುಂಡಿ ಒತ್ತಿದೆ. ಒಂದೇ ಸಲಕ್ಕೆ ಬಿಟ್ಟಿತು. ಟಿಕೆಟ್ ಹೊರಬಂತು. ಷಡ್ಕರು ಗೊಣಗುತ್ತ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕುಳಿತು ಹೋದರು.

ಮರುದಿನ ಶೇಷಣ್ಣನ ಜೊತೆ ನಾನೂ ನರಸಿಂಹರಾಜಪುರಕ್ಕೆ ಹೋದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಧೂಳು ಕೂರದಿರಲೆಂದು ಅವರು ಫೋನಿನ ಮೇಲೆ ಹೊದಿಸಿದ್ದ ಟವೆಲ್ಲೂ ಹಾಗೇ ಇತ್ತು.

ಕೆಲವು ವಾರಗಳಾದ ಮೇಲೆ ಆಕೆ ಮತ್ತೆ ಬಂದರು. ಬೆಳಿಗ್ಗೆ ತಲುಪಿದಾಗ ಗಂಡನಿಗೆ ಗುರುತು ಸಿಕ್ಕಿತಂತೆ. ‘ಬಿಸಿನೀರು ಕೇಳಿದ್ರು, ಕುಡಿಸ್ದೆ. ಮಧ್ಯಾಹ್ನದ ಒಳಗೆ ಹೋದ್ರು’ ಎಂದರು. ಫೋನ್ ಮಾಡಿದವರಿಗೆ ಒಂದು ಮಾತು ಹೇಳಿ ಹೋಗಲು ಬಂದಿದ್ದರು. ಗಂಡಸೋ ಹೆಂಗಸೋ ಎಂದು ಕೇಳಿದೆ. ‘ಅದೇ ನೆನಪಾಗ್ತಿಲ್ಲ. ಎಷ್ಟು ಹೊತ್ತು ಕಾಯೋದು, ಬೇಗ ಹೊರಡಿ ಅಂತ ಗದರಿಸಿದ ಹಾಗೆ ಹೇಳಿದ್ರು.’

ತಿಳಿದವರೊಬ್ಬರು ಕಂಪ್ಯೂಟರಿನ ಗಡಿಯಾರದ ದೋಷ ಎಂದರು. ನಮ್ಮಮ್ಮ ಚೌಡಿಗೆ ಹಣ್ಣುಕಾಯಿ ಮಾಡಿಸು ಎಂದಳು. ಎರಡೂ ಕೇಳಿ ನನಗೆ ಮೈ ಉರಿಯಿತು. ಗಡಿಯಾರ ಫೋನ್ ಮಾಡುವುದಿಲ್ಲ, ಚೌಡಿಗೆ ಸೀಟಿನ ನಂಬರು ಯಾರು ಹೇಳಿದರು? ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ತಪ್ಪೇನಾದರೂ ಇದ್ದರೆ ನಾನು ಬರೆದದ್ದರಲ್ಲೇ ಇರಬೇಕು. ಇವತ್ತಿಗೂ ಸಿಕ್ಕಿಲ್ಲ. ಅಂಥದ್ದು ಮತ್ತೆಂದೂ ಆಗಲೂ ಇಲ್ಲ.

ತಪ್ಪು ಸಿಕ್ಕಿದ್ದರೆ ತಿದ್ದುತ್ತಿದ್ದೆಯಾ ಎಂದು ಶೇಷಣ್ಣ ಒಮ್ಮೆ ಕೇಳಿದರು. ನಾನು ಅವರ ಮೇಲೆಯೇ ರೇಗಿದೆ.